ಪುಕ್ಕ ಕಿತ್ತ ಕೋಳಿ ಮತ್ತು ನಮ್ಮ ಸಮಾಜ ಮೇಷ್ಟ್ರು

ಕಳೆದ ತಿಂಗಳು ನಮ್ಮ ಸಮಾಜ ಮೇಷ್ಟ್ರು ತೀರಿಕೊಂಡರು. ಬ್ಯಾಚಿನವರೆಲ್ಲ ಫೋನಿನಲ್ಲಿ ತುಂಬಾ ಹೊತ್ತು ಮಾತಾಡಿದೆವು. ಅವರು ಬರೆಸಿದ ನೋಟ್ಸು, ಇಸವಿ, ಒಪ್ಪಂದ ಯಾವುದೂ ಯಾರಿಗೂ ನೆನಪಿಲ್ಲ. ಗ್ರೀಕರು ಮಾತ್ರ ಎಲ್ಲರಿಗೂ ನೆನಪಿದ್ದಾರೆ. ಅಡಿಕೆ ಮಂಡಿ ಇಟ್ಟಿರುವ ಗೆಳೆಯ ಥೇಲ್ಸ್‌ನಿಂದ ಶುರು ಮಾಡಿ ಅರಿಸ್ಟಾಟಲ್‌ವರೆಗೂ ಹೇಳಿದ.

ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಗ್ರೀಸ್ ಬಗ್ಗೆ ಇದ್ದದ್ದು ಸ್ವಲ್ಪವೇ. ಮೇಷ್ಟ್ರು ಅದಕ್ಕೆ ವಾರಗಟ್ಟಲೆ ಕೊಟ್ಟರು. "ಈ ಜಗತ್ತೆಲ್ಲ ಯಾವುದರಿಂದ ಆಗಿದೆ ಕಣ್ರೋ?" ಎಂದು ಕೇಳಿ ಸುಮ್ನೆ ಕಿಟಕಿ ಹತ್ತಿರ ಹೋಗಿ ನಿಂತರು. ನಾವು ಮಣ್ಣು ಅಂದೆವು, ದೇವರು ಅಂದೆವು. ಆಮೇಲೆ ಅವರು ಮಿಲೇಟಸ್ ಎಂಬ ಊರಿಗೆ ಕರೆದುಕೊಂಡು ಹೋದರು. ಈಗಿನ ಟರ್ಕಿಯ ಕರಾವಳಿಯಲ್ಲಿದ್ದ ಬಂದರು ಅದು. ಸುಮಾರು 2,600 ವರ್ಷಗಳ ಹಿಂದೆ ಅಲ್ಲಿ ಥೇಲ್ಸ್ 'ಎಲ್ಲವೂ ನೀರು' ಅಂದ. ಅವನ ನಂತರದ ಅನಾಕ್ಸಿಮಾಂಡರ್, 'ನೀರಲ್ಲ, ಮಿತಿಯೇ ಇಲ್ಲದ ಬೇರೊಂದು' ಅಂದ. ಅನಾಕ್ಸಿಮಿನೀಸ್ 'ಗಾಳಿ' ಅಂದ. "ಹಿಂದಿನವನು ಹೇಳಿದ್ದನ್ನು ಮುಂದಿನವನು ಒಪ್ಪಲಿಲ್ಲ ನೋಡಿ. ನೀವೂ ನನ್ನನ್ನು ಒಪ್ಪಬೇಕಿಲ್ಲ" ಎಂದರು. ಒಬ್ಬ ಮೇಷ್ಟ್ರ ಬಾಯಲ್ಲಿ ಇಂಥ ಮಾತು ನಾವು ಅದುವರೆಗೆ ಕೇಳಿರಲಿಲ್ಲ.

ಕೋಳಿಯ ಕಥೆ ಇಷ್ಟು. ಮನುಷ್ಯ ಅಂದರೆ ಯಾರು ಎಂದು ಕೇಳಿದಾಗ ಪ್ಲೇಟೋ 'ಪುಕ್ಕವಿಲ್ಲದ ಎರಡು ಕಾಲಿನ ಪ್ರಾಣಿ' ಅಂದನಂತೆ. ಎಲ್ಲರೂ ಮೆಚ್ಚಿದರು. ಡಯೋಜನೀಸ್ ಒಂದು ಕೋಳಿಯ ಪುಕ್ಕ ಕಿತ್ತು ಪ್ಲೇಟೋನ ಅಕಾಡೆಮಿಗೆ ತಂದು, 'ಇಗೋ ಪ್ಲೇಟೋನ ಮನುಷ್ಯ' ಅಂದ. ಮೇಷ್ಟ್ರು ಇದನ್ನು ಹೇಳಿದ ಮರುದಿನವೇ ನಮ್ಮ ಹಿಂದಿನ ಬೆಂಚಿನವರು ಅಂಗಡಿಯಿಂದ ಸುಲಿದ ಕೋಳಿ ತಂದು, ಪೇಪರಿನಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟರು. ಐಡಿಯಾ ನನ್ನದೇ. ಪಕ್ಕದ ಕ್ಲಾಸಿನಿಂದ ಬಂದ ಮೇಷ್ಟ್ರೊಬ್ಬರು ಕೂಗಾಡಿದರು, ಹೆಡ್‌ಮಾಸ್ಟರಿಗೆ ದೂರು ಹೋಯಿತು. ನಮ್ಮ ಮೇಷ್ಟ್ರು ಬಂದರು, ಪೇಪರ್ ಬಿಚ್ಚಿ ನೋಡಿದರು. ಬೈಯಲಿಲ್ಲ. "ಸರಿ, ಪ್ಲೇಟೋ ಸೋತ. ಈಗ ನೀವು ಹೇಳಿ, ಮನುಷ್ಯ ಅಂದರೆ ಯಾರು?" ಎಂದರು.

ನಗುವವನು, ಅಂದಳು ಒಬ್ಬಳು. ಹಾಗಾದರೆ ಹುಟ್ಟಿದ ಕೂಸು ಮನುಷ್ಯ ಅಲ್ವಾ? ಮಾತಾಡುವವನು. ಮೂಗರು? ಬೇಯಿಸಿ ತಿನ್ನುವವನು. ಹಣ್ಣು ತಿಂದುಕೊಂಡಿರುವ ಸನ್ಯಾಸಿ? ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಗ್ರೀಕರು ಕೊನೆಗೆ 'ಅಗಲ ಉಗುರಿನ' ಎಂದು ಸೇರಿಸಿ ಸುಮ್ಮನಾದರಂತೆ. ನಮಗೆ ಆ ಉತ್ತರ ಸ್ವಲ್ಪವೂ ಹಿಡಿಸಲಿಲ್ಲ. ಮೇಷ್ಟ್ರಿಗೆ ಅದೇ ಖುಷಿ.

ಅರಿಸ್ಟಾಟಲ್‌ಗೆ ಸಿಕ್ಕಿದ್ದು ಒಂದೇ ಪೀರಿಯಡ್. ಸಾಕ್ರಟೀಸ್‌ಗೆ ಮಾತ್ರ ಕ್ಲಾಸನ್ನೇ ಕೋರ್ಟು ಮಾಡಿದರು. ಕ್ರಿ.ಪೂ. 399, ಅಥೆನ್ಸ್. 70 ವರ್ಷದ ಮುದುಕನ ಮೇಲೆ ಯುವಕರನ್ನು ಕೆಡಿಸಿದ, ಊರಿನ ದೇವರುಗಳನ್ನು ನಂಬಲಿಲ್ಲ ಎಂಬ ಆರೋಪ. ನಾನು ಆರೋಪ ಹೊರಿಸಿದ ಮೆಲೀಟಸ್. ಚೆನ್ನಾಗಿ ವಾದಿಸುತ್ತಿದ್ದೆ, ಅದಕ್ಕೇ ನನಗೆ ಆ ಪಾತ್ರ ಕೊಟ್ಟರು. ಓಟು ಹಾಕಿದಾಗ ಸಾಕ್ರಟೀಸ್ ನಮ್ಮ ಕ್ಲಾಸಿನಲ್ಲೂ ಸೋತ. ಮೇಷ್ಟ್ರು ಓಟು ಹಾಕಿದವರ ಕಡೆ ತಿರುಗಿದರು. "ಇವನು ಚೆನ್ನಾಗಿ ಮಾತಾಡಿದ ಅಂತ ಹಾಕಿದಿರಾ, ನಿಜ ಹೇಳಿದ ಅಂತ ಹಾಕಿದಿರಾ?" ಪ್ಲೇಟೋ ಬರೆದಿರುವ ಪ್ರಕಾರ ಸಾಕ್ರಟೀಸ್ ಕೋರ್ಟಿನಲ್ಲಿ ಮಾತು ಶುರು ಮಾಡಿದ್ದೂ ಇಲ್ಲಿಂದಲೇ: ಇವರು ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ನಾನು ಯಾರೆಂದು ನನಗೇ ಮರೆತುಹೋಗುವುದರಲ್ಲಿತ್ತು, ಆದರೆ ಅದರಲ್ಲಿ ನಿಜವಿಲ್ಲ ಎಂದು. ಅಲ್ಲಿ 30 ಓಟು ಈ ಕಡೆ ಬಂದಿದ್ದರೆ ಅವನು ಬಿಡುಗಡೆಯಾಗುತ್ತಿದ್ದ.

ನಾನು ವಕೀಲನಾದೆ. ನಮ್ಮ ಜಿಲ್ಲಾ ಕೋರ್ಟಿನಲ್ಲಿ ನನ್ನ ಪಾಟೀಸವಾಲು ಕೇಳಲು ಜೂನಿಯರ್‌ಗಳು ಬಂದು ಕೂರುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಸಾಕ್ರಟೀಸ್ ಮೆಲೀಟಸ್‌ನಿಗೆ ಮಾಡಿದ ಪಾಟೀಸವಾಲನ್ನೇ. ಯುವಕರನ್ನು ತಿದ್ದುವವರು ಯಾರಪ್ಪಾ? ನ್ಯಾಯ ಹೇಳುವ ಇವರೆಲ್ಲ. ಇಲ್ಲಿ ಕೇಳುತ್ತಾ ನಿಂತವರು? ಅವರೂ. ಊರಿನ ಸಭೆಯವರು? ಅವರೂ. ಹಾಗಾದರೆ ಇಡೀ ಅಥೆನ್ಸ್ ತಿದ್ದುತ್ತದೆ, ನಾನೊಬ್ಬನೇ ಕೆಡಿಸುತ್ತೇನಾ? ಕುದುರೆ ಪಳಗಿಸಲು ಬರುವುದು ಎಲ್ಲೋ ಕೆಲವರಿಗೆ ಅಲ್ವಾ?

ನನ್ನ ಮಗಳು ಈಗ ಎಂಟನೇ ಕ್ಲಾಸು. ಸಾಕ್ರಟೀಸ್‌ನ ಶಿಷ್ಯ ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ಅವಳ ಉತ್ತರ ಸರಿ. ಅವನಿಗೆ ವಿಷ ಯಾಕೆ ಕುಡಿಸಿದರು ಅಂತ ಕೇಳಿದೆ. "ಅದು ಪರೀಕ್ಷೆಗೆ ಬರಲ್ಲ ಅಪ್ಪಾ" ಅಂದಳು. ಬೇಜಾರಾಯಿತು. ಮೇಷ್ಟ್ರುಗಳನ್ನು ದೂರಿ ಏನು ಮಾಡೋಣ? ಪೋರ್ಷನ್ ಮುಗಿಸಬೇಕು, ಟೆಸ್ಟ್ ಮಾಡಬೇಕು, ಅಂಕಗಳನ್ನು ಕಂಪ್ಯೂಟರಿಗೆ ಹಾಕಬೇಕು. ಒಂದು ಪ್ರಶ್ನೆಯ ಹಿಂದೆ ಇಡೀ ಪೀರಿಯಡ್ ಕೊಡಲು ಅವರಿಗೆ ಪುರುಸೊತ್ತು ಎಲ್ಲಿದೆ?

ಮೇಷ್ಟ್ರ ಹೆಸರಿನಲ್ಲಿ ದತ್ತಿ ಬಹುಮಾನ ಇಡೋಣ ಎಂದು ಬ್ಯಾಚಿನವರು ಹೇಳುತ್ತಿದ್ದಾರೆ. ಜಾಸ್ತಿ ಅಂಕ ತೆಗೆದವರಿಗೆ ಬಹುಮಾನ ಕೊಡಲು ಬೇರೆ ದತ್ತಿಗಳಿವೆ. ಈ ಹಣದಲ್ಲಿ ಶಾಲೆ ವರ್ಷಕ್ಕೊಂದು ಸಲ ಎಂಟನೇ ಕ್ಲಾಸಿನಲ್ಲಿ ಸಾಕ್ರಟೀಸ್ ವಿಚಾರಣೆ ನಡೆಸಲಿ ಎಂಬುದು ನನ್ನ ಕೋರಿಕೆ. ಮೆಲೀಟಸ್ ಆಗುವ ಮಗುವಿಗೆ ತಯಾರಿ ಮಾಡಿಸಲು ನಾನೇ ಬರುತ್ತೇನೆ. ಆ ಕಡೆಯ ವಾದ ಗಟ್ಟಿಯಾಗಿದ್ದರೆ ತಾನೇ ಸಾಕ್ರಟೀಸ್ ಆದವರಿಗೆ ಕೆಲಸ.