ಕಾರವಾರದ ಕಡಲಲ್ಲಿ ಎಂಜಿನ್ ನಿಂತ ಹೊತ್ತು

ಶಿರಸಿಯಲ್ಲಿ ಬೆಳಿಗ್ಗೆ ಆರಕ್ಕೇ ಬಸ್ಸು ಹತ್ತಿದೆವು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಾಗ ಬಿಸಿಲು ಏರಿತ್ತು. ಜೊತೆಗಿದ್ದವಳು ಅಕ್ಕನ ಮಗಳು. ಹತ್ತನೇ ಕ್ಲಾಸು. ಪೈಲಟ್ ಆಗಲೇಬೇಕು ಅಂತ ಹಟ ಹಿಡಿದವಳು. ಟ್ಯಾಗೋರ್ ಕಡಲತೀರದ ಟುಪೊಲೆವ್ ವಿಮಾನ ಅವಳಿಗೆ ತೋರಿಸಬೇಕಿತ್ತು.

1988ರಲ್ಲಿ ನೌಕಾಪಡೆ ಸೇರಿ, 2017ರವರೆಗೆ ಸಮುದ್ರ ಕಾದ ಟುಪೊಲೆವ್-142 ವಿಮಾನಗಳಲ್ಲಿ ಇದೂ ಒಂದು. ಈಗ ದಡದಲ್ಲಿ, ವಸ್ತುಸಂಗ್ರಹಾಲಯವಾಗಿರುವ ಚಪಲ್ ಯುದ್ಧನೌಕೆಯ ಹತ್ತಿರ ನಿಂತಿದೆ. ರೆಕ್ಕೆಯ ಕೆಳಗೆ ನಿಂತು ಕತ್ತೆತ್ತಿದೆವು. ನಾಲ್ಕು ಎಂಜಿನ್. ಒಂದೊಂದಕ್ಕೂ ಹಿಂದೆ ಮುಂದೆ ಎರಡೆರಡು ಪ್ರೊಪೆಲರ್. ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಹಾರಿಸೋಕೆ ಒಂದು ದೊಡ್ಡ ತಂಡವೇ ಬೇಕು.

"ಮಾವ, ಆರೋಹಿ ಪಂಡಿತ್ ಹತ್ರ ಇದ್ದದ್ದು ಒಂದೇ ಎಂಜಿನ್" ಅಂದಳು.

ಆ ಕಥೆ ಅವಳಿಗೆ ಬಾಯಿಪಾಠ. ಮುಂಬೈಯ ಆರೋಹಿ 2019ರ ಮೇ ತಿಂಗಳಲ್ಲಿ ಒಬ್ಬಳೇ ಅಟ್ಲಾಂಟಿಕ್ ಸಾಗರ ದಾಟಿದಳು. ಲಘು ಕ್ರೀಡಾ ವಿಮಾನದಲ್ಲಿ ಹಾಗೆ ದಾಟಿದ ಮೊದಲ ಮಹಿಳೆ. ವಿಮಾನದ ಹೆಸರು ಮಾಹಿ. ಎಂಜಿನ್ನಿಗೆ ಸಣ್ಣ ಕಾರಿನಷ್ಟೇ ಬಲ. ಸ್ಕಾಟ್‌ಲ್ಯಾಂಡಿನ ವಿಕ್‌ನಿಂದ ಹೊರಟು, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್‌ನಲ್ಲಿ ಇಳಿದು, ಕೆನಡಾದ ಇಕಾಲುಯಿಟ್ ತಲುಪಿದಳು. ಅದೇ ವರ್ಷ ಆಗಸ್ಟಿನಲ್ಲಿ ಅಲಾಸ್ಕಾದಿಂದ ಬೇರಿಂಗ್ ಸಮುದ್ರ ದಾಟಿ ರಷ್ಯಾದಲ್ಲಿ ಇಳಿದಳು. ಹೇಳುತ್ತಾ ಹೇಳುತ್ತಾ ಹುಡುಗಿಯ ದನಿ ಏರುತ್ತಿತ್ತು. ಕೇಳುವ ನನಗೂ ಮೈ ಜುಮ್ಮೆಂದಿತು.

ಮಧ್ಯಾಹ್ನ ಡಾಲ್ಫಿನ್ ನೋಡಲು ದೋಣಿ ಹತ್ತಿದೆವು. ಸುಮಾರು ದೂರ ಹೋದ ಮೇಲೆ ದೋಣಿಯವರು ಎಂಜಿನ್ ಬಂದ್ ಮಾಡಿದರು. ಸದ್ದಿದ್ದರೆ ಡಾಲ್ಫಿನ್ ಹತ್ತಿರ ಬರೋದಿಲ್ಲವಂತೆ.

ಇದ್ದಕ್ಕಿದ್ದಂತೆ ಎಲ್ಲ ಸ್ತಬ್ಧ. ದೋಣಿಯ ಹೊಟ್ಟೆಗೆ ನೀರು ಚಪ್ ಚಪ್ ಬಡಿಯುವ ಸದ್ದು ಮಾತ್ರ. ದೋಣಿಯ ಮೂತಿ ತಾನಾಗಿಯೇ ನಿಧಾನಕ್ಕೆ ತಿರುಗುತ್ತಿತ್ತು. ಪೂರ್ವಕ್ಕೆ ನೋಡಿದರೆ ಊರು, ಅದರ ಹಿಂದೆ ಘಟ್ಟ. ಪಶ್ಚಿಮಕ್ಕೆ ತಿರುಗಿದರೆ ನೀರು, ನೀರು, ನೀರು ಅಷ್ಟೇ. ನನ್ನ ಕೈ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

"ವಿಮಾನದಲ್ಲಿ ಹೀಗೆ ಎಂಜಿನ್ ನಿಂತರೆ?" ಕೇಳಿಯೇಬಿಟ್ಟೆ.

"ಕಲ್ಲಿನ ಹಾಗೆ ಬೀಳಲ್ಲ ಮಾವ. ಮಾಹಿಗೆ ಉದ್ದ ರೆಕ್ಕೆ. ಒಂದು ಕಿಲೋಮೀಟರ್ ಎತ್ತರದಿಂದ 20 ಕಿಲೋಮೀಟರಿಗೂ ಜಾಸ್ತಿ ತೇಲಿಕೊಂಡು ಹೋಗುತ್ತೆ." ಅಂಗೈ ಚಾಚಿ, ನೀರಿನ ಮೇಲೆ ಉದ್ದಕ್ಕೆ ಇಳಿಸಿ ತೋರಿಸಿದಳು. ಆಮೇಲೆ ಸ್ವಲ್ಪ ತಡೆದು, "ಆದ್ರೆ ಅಟ್ಲಾಂಟಿಕ್‌ನಲ್ಲಿ ನೀರು ಕೊರೆಯುತ್ತೆ. ಬಿದ್ದರೆ ತುಂಬಾ ಹೊತ್ತು ಬದುಕೋಕೆ ಆಗಲ್ಲ. ರೆಕ್ಕೆ ಮೇಲೆ ಮಂಜುಗಡ್ಡೆ ಕಟ್ಟಿದ್ರೂ ಕಷ್ಟ" ಅಂದಳು. ಇಷ್ಟೆಲ್ಲ ಗೊತ್ತಿದ್ದೂ ಪೈಲಟ್ ಆಗಬೇಕು ಅಂತಾಳಲ್ಲ, ಅದೇ ನನಗೆ ದೊಡ್ಡದಾಗಿ ಕಂಡಿತು.

ಎರಡು ಡಾಲ್ಫಿನ್ ಬೆನ್ನು ತೋರಿಸಿ ಮುಳುಗಿದವು. ದೋಣಿಯವರು ಎಂಜಿನ್ ಶುರು ಮಾಡಿದರು. ದಡ ಹತ್ತಿರವಾಗುತ್ತಾ ಬಂತು. ಹುಡುಗಿ ಇನ್ನೂ ಪಶ್ಚಿಮಕ್ಕೇ ನೋಡುತ್ತಿದ್ದಳು.

"ಅಣ್ಣಾ, ಇನ್ನೊಂದ್ಸಲ ಬಂದ್ ಮಾಡ್ತೀರಾ?"