ಟಿಟಿಕಾಕಾ ಚಿತ್ರಪುಸ್ತಕ: 24ರಲ್ಲಿ 15 ಮುಗಿದಿವೆ

ಹದಿನಾಲ್ಕನೇ ದಿನ. ಬೊಲಿವಿಯಾದ ಕೋಪಕಬಾನಾ ಊರಿನ ಒಂದು ಸಣ್ಣ ಕೋಣೆಯಲ್ಲಿ ಮೂರು ಕಂಬಳಿ ಹೊದ್ದು ಕೂತು ಬರೆಯುತ್ತಿದ್ದೇನೆ. ಕಿಟಕಿಯಾಚೆ ಸರೋವರ. ಆ ಕಡೆಯ ದಡ ಕಾಣುವುದಿಲ್ಲ.

ಯೋಜನೆ ಗೊತ್ತಿಲ್ಲದವರಿಗೆ ಎರಡು ಮಾತು. ಬೊಲಿವಿಯಾ ಮತ್ತು ಪೆರು ಗಡಿಯಲ್ಲಿ, 3,812 ಮೀಟರ್ ಎತ್ತರದಲ್ಲಿ ಟಿಟಿಕಾಕಾ ಸರೋವರ ಇದೆ. ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು ಎತ್ತರ. ಅದರ ಸುತ್ತಲಿನ ಪಾಳು ಊರು, ಗುಡಿ, ದ್ವೀಪಗಳ 24 ಪೆನ್ಸಿಲ್ ಚಿತ್ರ ಬರೆಯಬೇಕು. ಫೋಟೋ ನೋಡಿ ಬರೆಯುವ ಹಾಗಿಲ್ಲ, ಜಾಗದಲ್ಲೇ ಕೂತು ಮುಗಿಸಬೇಕು. ಸುಮ್ನೆ ಸಿಕ್ಕಿದಲ್ಲಿಗೆ ಹೋಗುವಂತೆಯೂ ಇಲ್ಲ. ಮೊದಲು ಎಲ್ಲಕ್ಕಿಂತ ಹಳೆಯ, ಇಂಕಾಗಳಿಗೂ ಹಿಂದಿನ ಪಾಳು ನಗರ ತಿವಾನಾಕು, ಆಮೇಲೆ ಇಂಕಾ ಕಾಲದ ಯಾತ್ರಿಕರು ಹೋಗುತ್ತಿದ್ದ ದಾರಿ: ಕೋಪಕಬಾನಾ, ಸೂರ್ಯ ದ್ವೀಪ, ಚಂದ್ರ ದ್ವೀಪ. ಈ ಕ್ರಮ ಇಟ್ಟುಕೊಂಡಿದ್ದು ಎಷ್ಟು ಒಳ್ಳೆಯದಾಯಿತು ಅನ್ನುವುದು ನನಗೆ ಮೊನ್ನೆ ಮೊನ್ನೆ ಗೊತ್ತಾಯಿತು.

ಮೊದಲ ಮೂರು ದಿನ ಬೊಲಿವಿಯಾದ ಲಾ ಪಾಸ್ ನಗರದಲ್ಲಿ ಎತ್ತರದ ತಲೆನೋವು, ನಿದ್ದೆ, ಕೋಕಾ ಎಲೆಯ ಚಹಾ. ಅಷ್ಟೇ.

ನಾಲ್ಕರಿಂದ ಆರನೇ ದಿನ: ತಿವಾನಾಕು

ಲಾ ಪಾಸ್‌ನಿಂದ ಸುಮಾರು 70 ಕಿಲೋಮೀಟರ್. ಜೂನ್ 21ರಂದು ಇಲ್ಲಿ ಈ ಸೀಮೆಯ ಮೂಲನಿವಾಸಿಗಳಾದ ಅಯ್ಮಾರಾ ಜನರ ಹೊಸ ವರ್ಷ. ಸೂರ್ಯೋದಯ ನೋಡಲು ಜನಸಾಗರವೇ ಸೇರುತ್ತದೆ. ಕೂತು ಬರೆಯಲು ಜಾಗ ಸಿಗುವುದಿಲ್ಲ ಅಂತ ಬೇಕೆಂದೇ ಅದಕ್ಕೂ ಮೊದಲು ಹೋದೆ. ಜೂನ್ ಇಲ್ಲಿ ಚಳಿಗಾಲ. ಬೆಳಗ್ಗೆ ಏಳಕ್ಕೆ ನೋಡಿದರೆ ಬ್ರಷ್‌ನೊಳಗಿನ ನೀರು ಹೆಪ್ಪುಗಟ್ಟಿತ್ತು. ಬಣ್ಣದ ಆಸೆ ಅಲ್ಲಿಗೇ ಬಿಟ್ಟೆ. ಇನ್ನು ಪೂರ್ತಿ ಪೆನ್ಸಿಲ್ಲೇ.

ಮೊದಲ ಚಿತ್ರ ಸೂರ್ಯದ್ವಾರ. ಒಂದೇ ಆಂಡಿಸೈಟ್ ಕಲ್ಲಿನಲ್ಲಿ (ಜ್ವಾಲಾಮುಖಿಯ ಗಟ್ಟಿ ಕಲ್ಲು) ಕಡೆದ ಬಾಗಿಲು, ಮೂರು ಮೀಟರ್ ಎತ್ತರ. ನಡುವೆ ಎರಡೂ ಕೈಯಲ್ಲಿ ಕೋಲು ಹಿಡಿದ ದೇವರು. ಅವನ ಎರಡೂ ಬದಿಗೆ ಮೂರು ಸಾಲಿನಲ್ಲಿ 48 ರೆಕ್ಕೆಯ ಪರಿಚಾರಕರು. ಮಧ್ಯದ ಸಾಲಿನವರಿಗೆ ಕಾಂಡೋರ್ ಹದ್ದಿನ ತಲೆ, ಉಳಿದವರಿಗೆ ಮನುಷ್ಯರ ಮುಖ. ದೂರದಿಂದ ಎಲ್ಲ ಒಂದೇ ಥರ ಕಾಣುತ್ತದೆ. ಬರೆಯಲು ಕೂತಾಗಲೇ ಸಾಲಿನ ವ್ಯತ್ಯಾಸ ಕಣ್ಣಿಗೆ ಬಿತ್ತು.

ನೆಲದ ಮಟ್ಟಕ್ಕಿಂತ ಕೆಳಗಿರುವ ಗುಡಿಯಲ್ಲಿ ಎರಡು ಚಿತ್ರ. ನಾಲ್ಕೂ ಗೋಡೆಗಳಿಂದ ನೂರಕ್ಕೂ ಹೆಚ್ಚು ಕಲ್ಲಿನ ತಲೆಗಳು ಹೊರಗೆ ಚಾಚಿವೆ. ಕೆಲವು ಎಷ್ಟು ಸವೆದಿವೆ ಎಂದರೆ ಎರಡು ಕಣ್ಣಿನ ಗುಳಿ ಮಾತ್ರ ಉಳಿದಿದೆ. ನನಗೆ ಅವೇ ಹೆಚ್ಚು ಇಷ್ಟವಾದವು.

ಆದರೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂತಿದ್ದು ತಿವಾನಾಕುವಿನದೇ ಇನ್ನೊಂದು ಭಾಗವಾದ ಪೂಮಾ ಪುಂಕುವಿನಲ್ಲಿ. ಅಲ್ಲಿ ಕಟ್ಟಡ ಅನ್ನುವಂಥದ್ದು ಉಳಿದಿಲ್ಲ, ಬಿದ್ದ ಕಲ್ಲುಗಳಷ್ಟೇ. ಕೆಂಪು ಮರಳುಗಲ್ಲಿನ ಚಪ್ಪಡಿಗಳಲ್ಲಿ ಅತಿ ದೊಡ್ಡದು ಸುಮಾರು 130 ಟನ್ ತೂಗುತ್ತದಂತೆ. ಪಕ್ಕದಲ್ಲಿ ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಆಂಡಿಸೈಟ್ ಕಲ್ಲುಗಳ ಸಾಲು, ಎಲ್ಲ ಒಂದೇ ಅಚ್ಚಿನಿಂದ ತೆಗೆದ ಹಾಗೆ. ಎರಡು ಕಲ್ಲು ಕೂಡುವ ಕಡೆ ಕಚ್ಚು ಕಡೆದು, ಕರಗಿದ ಲೋಹವನ್ನು ಅಲ್ಲೇ ಹೊಯ್ದು ಬಿಗಿದಿದ್ದರು. ಆ ಕಚ್ಚುಗಳು ಈಗಲೂ ಇವೆ. 2018ರಲ್ಲಿ ಅಲೆಕ್ಸೈ ವ್ರಾನಿಚ್ ಅನ್ನುವ ಪುರಾತತ್ವ ತಜ್ಞರು ಇಲ್ಲಿನ ತುಂಡುಗಳನ್ನೆಲ್ಲ ಚಿಕ್ಕ ಅಳತೆಯಲ್ಲಿ 3ಡಿ ಪ್ರಿಂಟ್ ಮಾಡಿಸಿ, ಕೈಯಲ್ಲಿ ಜೋಡಿಸಿ ನೋಡಿದರು. ಎಚ್ ಕಲ್ಲುಗಳನ್ನು ಸಾಲಾಗಿ ಇಟ್ಟರೆ ನಡುವೆ ಬಾಗಿಲಿನ ಆಕಾರ ಮೂಡುತ್ತದೆ ಎಂದು ತೋರಿಸಿದರು. ಇದನ್ನು ಓದಿಕೊಂಡು ಹೋಗಿದ್ದರಿಂದ ಚದುರಿದ ರಾಶಿಯಲ್ಲಿ ಕಣ್ಣು ಬಾಗಿಲು ಹುಡುಕತೊಡಗಿತು. ಮೂರು ಪುಟ ಬರೆದೆ. ಹಗ್ಗ ಕಟ್ಟಿದ್ದಾರೆ, ಮುಟ್ಟುವ ಹಾಗಿಲ್ಲ. ಅಳತೆಯೆಲ್ಲ ಕಣ್ಣಂದಾಜು.

ಸೂರ್ಯದ್ವಾರದ್ದು ಎರಡು, ತಲೆಗಳದ್ದು ಎರಡು, ಪೂಮಾ ಪುಂಕುವಿನದು ಮೂರು. ಒಟ್ಟು ಏಳು.

ಏಳು, ಎಂಟು: ಕೋಪಕಬಾನಾ

ಟಿಕಿನಾ ಜಲಸಂಧಿಯಲ್ಲಿ ಬಸ್ಸಿಗೆ ಒಂದು ಮರದ ತೆಪ್ಪ, ನಮಗೆ ಬೇರೆ ದೋಣಿ. ನಮ್ಮ ಬಸ್ಸು ನೀರಿನ ಮೇಲೆ ತೂಗಾಡುತ್ತಾ ಬರುವುದನ್ನು ದಡದಲ್ಲಿ ನಿಂತು ನೋಡಿದೆವು.

ಇಲ್ಲಿನ ಬಿಳಿ ಚರ್ಚಿನಲ್ಲಿರುವ ಮೇರಿ ಮಾತೆಯ ಮೂರ್ತಿಯನ್ನು ಕೆತ್ತಿದವನು ಫ್ರಾನ್ಸಿಸ್ಕೋ ಟಿಟೋ ಯುಪಾಂಕಿ, ಇಂಕಾ ವಂಶದವನು. ಮೂರ್ತಿ ಇಲ್ಲಿಗೆ ಬಂದಿದ್ದು 1583ರಲ್ಲಿ. ಚರ್ಚಿನ ಮುಂದೆ ಕಾರು, ಲಾರಿಗಳು ಸಾಲಾಗಿ ನಿಂತಿದ್ದವು. ಬಾನೆಟ್ ತುಂಬ ಹೂವಿನ ಹಾರ, ಬಣ್ಣದ ಕಾಗದ. ಪಾದ್ರಿ ಬಂದು ತೀರ್ಥ ಚಿಮುಕಿಸಿ ಹೋದರು. ಆಮೇಲೆ ಮನೆಯವರು ಚಕ್ರಕ್ಕೆ ಬಿಯರ್ ಸುರಿದರು. ಅದು ಭೂಮಿತಾಯಿ ಪಚಮಾಮಾಗೆ. ಆಯುಧಪೂಜೆಯ ದಿನದ ಬೀದಿ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಾರ ಹಾಕಿದ ಒಂದು ಲಾರಿಯನ್ನು ಬರೆದೆ. ಪಾಳು ಕಟ್ಟಡಗಳ ಪುಸ್ತಕದಲ್ಲಿ ಲಾರಿ ಯಾಕೆ ಅಂತ ಯಾರಾದರೂ ಕೇಳಬಹುದು. ಈ ಪೂಜೆ ಪಾಳು ಬಿದ್ದಿಲ್ಲವಲ್ಲ, ಅದಕ್ಕೇ.

ಚರ್ಚಿನದೂ ಸೇರಿ ಒಂಬತ್ತು.

ಒಂಬತ್ತರಿಂದ ಹನ್ನೆರಡು: ಸೂರ್ಯ ದ್ವೀಪ

ದೋಣಿ ಎರಡು ಗಂಟೆ ತಡ. ದಕ್ಷಿಣದ ಯುಮಾನಿ ಊರಿಗೆ ಇಳಿದ ತಕ್ಷಣ ಇನ್ನೂರಕ್ಕೂ ಹೆಚ್ಚು ಇಂಕಾ ಮೆಟ್ಟಿಲು. ಪಕ್ಕದಲ್ಲೇ ನೀರು ಹರಿದು ಬರುತ್ತದೆ. ಮೂರು ಬಾಯಿಯ ಚಿಲುಮೆಯೂ ಇದೆ. ದ್ವೀಪದಲ್ಲಿ ಕಾರು, ಬೈಕು ಏನೂ ಇಲ್ಲ. ಕತ್ತೆಗಳ ಮೇಲೆ ಸಾಮಾನು ಮೇಲೇರುತ್ತದೆ. ಮೆಟ್ಟಿಲು, ಚಿಲುಮೆ, ಪಿಲ್ಕೋಕೈನಾ ಅರಮನೆ: ಮೂರು ಚಿತ್ರ. ಅರಮನೆಯ ಬಾಗಿಲಲ್ಲಿ ನಿಂತರೆ ಎದುರಿಗೆ ಚಂದ್ರ ದ್ವೀಪ, ಅದರ ಹಿಂದೆ ಹಿಮದ ಸಾಲು.

ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ ರಾತ್ರಿ ಆಲೂಗಡ್ಡೆಗಳನ್ನು ಬಯಲಲ್ಲಿ ಹರಡಿದ್ದರು. ರಾತ್ರಿ ಹಿಮಕ್ಕೆ ಗಟ್ಟಿಯಾಗುತ್ತದೆ, ಬೆಳಗ್ಗೆ ಬಿಸಿಲಿಗೆ ಮೆತ್ತಗಾದ ಮೇಲೆ ಕಾಲಿನಿಂದ ತುಳಿದು ನೀರು ತೆಗೆಯುತ್ತಾರೆ. ಹೀಗೆ ಕೆಲವು ದಿನ ಮಾಡಿ ಒಣಗಿಸಿದರೆ ಚುನ್ಯೋ. ವರ್ಷಗಟ್ಟಲೆ ಕೆಡುವುದಿಲ್ಲ. ಬಿಸಿಲಿಗೆ ಸಂಡಿಗೆ ಇಡುವ ನಮಗೆ ಹಿಮಕ್ಕೆ ಇಡುವುದು ಹೊಸದು.

ಉತ್ತರದ ತುದಿಯಲ್ಲಿ ಮುಖ್ಯ ಜಾಗ, ಟಿಟಿ ಕಾಲಾ ಬಂಡೆ. ಟಿಟಿ ಅಂದರೆ ಕಾಡುಬೆಕ್ಕು, ಕಾಲಾ ಅಂದರೆ ಕಲ್ಲು. ಸರೋವರಕ್ಕೆ ಹೆಸರು ಬಂದಿದ್ದೇ ಈ ಬಂಡೆಯಿಂದ ಅನ್ನುತ್ತಾರೆ. ಸೂರ್ಯ ಮೊದಲು ಹುಟ್ಟಿದ್ದು ಇಲ್ಲಿ ಅಂತ ಇಂಕಾಗಳ ನಂಬಿಕೆ. 2017ರಲ್ಲಿ ಉತ್ತರದ ಮತ್ತು ನಡುಭಾಗದ ಊರುಗಳಿಗೆ ಜಗಳವಾಗಿ ಈ ಭಾಗ ಹಲವು ವರ್ಷ ಹೊರಗಿನವರಿಗೆ ಮುಚ್ಚಿತ್ತು. ಹಾಗಾಗಿ ಮೊದಲೇ ಊರಲ್ಲಿ ಕೇಳಿ, ದೋಣಿಯಲ್ಲಿ ಉತ್ತರದ ಊರು ಚಲ್ಯಾಪಂಪಾಕ್ಕೆ ಹೋಗಿ ಅಲ್ಲಿಂದ ನಡೆದೆ.

ಮೊದಲ ದಿನ ನನಗೆ ಬಂಡೆ ಹಿಡಿಸಲೇ ಇಲ್ಲ. ತಿವಾನಾಕುವಿನ ಕೆತ್ತನೆ ಕಣ್ಣಲ್ಲಿ ತುಂಬಿಕೊಂಡು ಬಂದವನಿಗೆ ಇಲ್ಲಿ ಒಂದು ಉಳಿಯ ಗುರುತೂ ಇಲ್ಲ. ಐದಾರು ಮೀಟರ್ ಎತ್ತರದ ಕಂದು ಬಂಡೆ, ಅಷ್ಟೇ. ಹತ್ತಿರದ ಚಿಂಕಾನಾ ಪಾಳುಮನೆಗಳ ಸಾಲನ್ನು ಬರೆದುಕೊಂಡು ವಾಪಸ್ಸಾದೆ.

ರಾತ್ರಿ ಟಿಪ್ಪಣಿ ತೆಗೆದು ಓದಿದೆ. 17ನೇ ಶತಮಾನದ ಪಾದ್ರಿ ಬರ್ನಾಬೆ ಕೋಬೊ ಬರೆದಿಟ್ಟ ಪ್ರಕಾರ ಬಂಡೆಯ ಒಂದು ಬದಿಗೆ ಚಿನ್ನದ ತಗಡು, ಇನ್ನೊಂದು ಬದಿಗೆ ನಯವಾದ ಕುಂಬಿ ಬಟ್ಟೆ ಹೊದಿಸಿದ್ದರಂತೆ. ಯಾತ್ರಿಕರು ಮೂರು ಬಾಗಿಲು ದಾಟಬೇಕು, ತಪ್ಪು ಒಪ್ಪಿಕೊಳ್ಳಬೇಕು. ಅಷ್ಟಾದರೂ ಹೆಚ್ಚಿನವರಿಗೆ ಬಂಡೆಯ ಹತ್ತಿರ ಪ್ರವೇಶವಿಲ್ಲ. ದೂರದ ಬಾಗಿಲಿನಿಂದಲೇ ಕಾಣಿಕೆ ಕೊಟ್ಟು ತಿರುಗಬೇಕು. ಬಂಡೆಯ ಪೂಜೆ ಇಂಕಾಗಳಿಂದ ಶುರುವಾದದ್ದೂ ಅಲ್ಲ. 1990ರ ದಶಕದಲ್ಲಿ ಬ್ರಯಾನ್ ಬಾವರ್ ಮತ್ತು ಚಾರ್ಲ್ಸ್ ಸ್ಟ್ಯಾನಿಶ್ ಇಲ್ಲಿ ಸರ್ವೆ ಮಾಡಿದಾಗ ಬಂಡೆಯ ಹತ್ತಿರವೇ ತಿವಾನಾಕು ಕಾಲದ ಗುಡಿಯ ಕುರುಹು ಸಿಕ್ಕಿತ್ತು. ಈ ತುದಿಯಿಂದ ಸ್ವಲ್ಪ ದೂರ, ಕೋವಾ ಅನ್ನುವ ಜಾಗದಲ್ಲಿ ನೀರಿನಡಿಯಿಂದ ಚಿನ್ನದ ತಗಡು, ಪ್ಯೂಮಾ ಅನ್ನುವ ದೊಡ್ಡ ಕಾಡುಬೆಕ್ಕಿನ ಮುಖದ ಧೂಪದ ಪಾತ್ರೆಗಳನ್ನು ತೆಗೆದಿದ್ದಾರೆ. ಅವೂ ತಿವಾನಾಕು ಕಾಲದವು.

ಅಂದರೆ ಆ ಎಚ್ ಕಲ್ಲುಗಳನ್ನು ಅಷ್ಟು ನಯವಾಗಿ ಕಡೆದ ಜನವೂ ಈ ಬಂಡೆಗೆ ಉಳಿ ಮುಟ್ಟಿಸಲಿಲ್ಲ. ಕೆತ್ತಲು ಬರದೆ ಬಿಟ್ಟಿದ್ದಲ್ಲ, ಬೇಡ ಅಂತ ಬಿಟ್ಟಿದ್ದು. ಉದ್ಭವಲಿಂಗಕ್ಕೆ ಕೈ ನಡುಗದೆ ಉಳಿ ಇಡುವ ಶಿಲ್ಪಿ ನಮ್ಮಲ್ಲಿದ್ದಾನೆಯೇ? ತಿವಾನಾಕು ನೋಡದೆ ನೇರ ಇಲ್ಲಿಗೆ ಬಂದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಮರುದಿನ ಮತ್ತೆ ಹೋದೆ. ಹತ್ತಿರ ಹೋಗಲಿಲ್ಲ. ದಾರಿಯಲ್ಲೇ ದೂರ ಕೂತು, ಬಂಡೆಯನ್ನು ಪುಟದ ನಡುವೆ ಹೆಬ್ಬೆರಳಿನಷ್ಟು ಚಿಕ್ಕದಾಗಿ ಬರೆದೆ. ಸುತ್ತ ಹುಲ್ಲು, ಹಿಂದೆ ನೀರು. ನಾಲ್ಕು ಗಂಟೆ ಹಿಡಿಯಿತು. ಹದಿನಾಲ್ಕನೇ ಚಿತ್ರ. ಇಲ್ಲಿಯವರೆಗಿನದರಲ್ಲಿ ನನಗೆ ತೃಪ್ತಿ ಕೊಟ್ಟಿದ್ದು ಇದೊಂದೇ.

ಹದಿಮೂರು: ಚಂದ್ರ ದ್ವೀಪ

ಚಿಕ್ಕ ದ್ವೀಪ. ಇನ್ಯಾಕ್ ಉಯು ಅನ್ನುವ ಕಟ್ಟಡ ಅಂಗಳವನ್ನು ಮೂರು ಕಡೆ ಸುತ್ತುವರಿದಿದೆ. ಇಂಕಾಗಳು ಆರಿಸಿ ತಂದ ಹೆಣ್ಣುಮಕ್ಕಳು ಇಲ್ಲಿದ್ದರು, ದೇವರ ಸೇವೆ ಮಾಡುತ್ತಿದ್ದರು, ಬಟ್ಟೆ ನೇಯುತ್ತಿದ್ದರು. ಗೋಡೆಯ ಗೂಡುಗಳು ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಯುತ್ತವೆ. ಅದು ತಿವಾನಾಕು ಶೈಲಿಯ ನೆನಪು. 20ನೇ ಶತಮಾನದಲ್ಲಿ ಇದೇ ದ್ವೀಪ ರಾಜಕೀಯ ಕೈದಿಗಳ ಜೈಲಾಗಿತ್ತು. ಒಂದು ಗೂಡನ್ನಷ್ಟೇ ಬರೆದೆ, ಅಷ್ಟರಲ್ಲಿ ದೋಣಿಯವರು ಕರೆದರು.

ಹದಿನೈದು.

ಉಳಿದ ಒಂಬತ್ತೂ ಪೆರು ಕಡೆಯವು. ಅಮಂತಾನಿ ದ್ವೀಪದಲ್ಲಿ ಎರಡು ಬೆಟ್ಟ, ಒಂದರ ಮೇಲೆ ಭೂಮಿತಂದೆ ಪಚತಾತಾ ಗುಡಿ, ಇನ್ನೊಂದರ ಮೇಲೆ ಪಚಮಾಮಾ ಗುಡಿ. ಅಲ್ಲಿಗೆ ಎರಡು. ಗಂಡಸರು ಟೋಪಿ ಹೆಣೆಯುವ ತಾಕಿಲೆಗೆ ಒಂದು. ಟೊಟೋರಾ ಜೊಂಡಿನ ಮೇಲೆ ಬದುಕುವ ಉರೋಸ್ ಜನರ ತೇಲುವ ದ್ವೀಪಗಳಿಗೆ ಎರಡು. ಸಿಲ್ಯುಸ್ತಾನಿಯ ದುಂಡನೆಯ ಸಮಾಧಿ ಗೋಪುರಗಳಿಗೆ ನಾಲ್ಕು, ಅದು ಕೊನೆಗೆ.

4ಬಿ ಪೆನ್ಸಿಲ್ ಎರಡು ಬೆರಳಿನಷ್ಟು ಉಳಿದಿದೆ. ಪೆರು ಕಡೆಯ ಪೂನೋ ಊರಿನಲ್ಲಿ ಹುಡುಕಬೇಕು. ನಾಳೆ ಬೆಳಗ್ಗೆ ಕಸಾನಿ ಗಡಿ ದಾಟುವ ಬಸ್ಸು.