ಕುದುರೆಯ ಸಾಮಾನು: ಯಾವುದನ್ನು ಹೊಲಿಸಬೇಕು, ಯಾವುದನ್ನು ಬಿಡಬೇಕು

ಕುದುರೆ ಸಾಕುವವರ ಖರ್ಚಿನಲ್ಲಿ ಮೇವು, ಲಾಳ ಮತ್ತು ಪಶುವೈದ್ಯರ ಶುಲ್ಕಗಳಲ್ಲಿ ಕೈ ಬಿಗಿಹಿಡಿಯಲು ಹೆಚ್ಚು ಅವಕಾಶವಿಲ್ಲ. ಹಿಡಿದರೆ ಅದರ ಫಲವನ್ನು ಉಣ್ಣುವುದು ಕುದುರೆ. ಸ್ವಲ್ಪ ಮಟ್ಟಿಗಾದರೂ ಹಣ ಉಳಿಯುವುದು ಜೀನು, ಲಗಾಮು, ಕಡಿವಾಣದ ಪಟ್ಟಿಗಳು, ಹಾಲ್ಟರ್ (ಕುದುರೆಯನ್ನು ಕಟ್ಟಲು, ನಡೆಸಲು ತಲೆಗೆ ತೊಡಿಸುವ ಪಟ್ಟಿ), ಹೊದಿಕೆ, ಹಗ್ಗ ಮುಂತಾದ ಸಾಮಾನುಗಳಲ್ಲಿ. ಹಾಗೆಂದು ಅಗ್ಗದ ಸಾಮಾನು ಕೊಳ್ಳುವುದನ್ನು ನಾನು ಉಳಿತಾಯವೆಂದು ಕರೆಯಲಾರೆ. ಒಂದು ವಸ್ತುವಿನಲ್ಲಿ ಅಗ್ಗದ ಭಾಗ ಯಾವುದು, ದುಬಾರಿ ಭಾಗ ಯಾವುದು ಎಂಬುದನ್ನು ತಿಳಿದುಕೊಂಡು, ಅಗ್ಗದ ಭಾಗ ಸೋತು ದುಬಾರಿ ಭಾಗವನ್ನೂ ಕೆಡಿಸುವ ಮೊದಲೇ ಅದನ್ನು ಬದಲಾಯಿಸುವವರ ಕೈಯಲ್ಲಿ ಮಾತ್ರ ಹಣ ನಿಲ್ಲುತ್ತದೆ.

ಚರ್ಮದ ಸಾಮಾನಿನಲ್ಲಿ ಅಗ್ಗದ ಭಾಗವೆಂದರೆ ದಾರ. ಒಳ್ಳೆಯ ಚರ್ಮದ ಪಟ್ಟಿಯೊಂದು ದಶಕಗಳ ಕಾಲ ಬಾಳುತ್ತದೆ, ಆದರೆ ಅದನ್ನು ಹಿಡಿದಿಟ್ಟಿರುವ ಹೊಲಿಗೆ ಅಷ್ಟು ದಿನ ಬಾಳುವುದಿಲ್ಲ. ಕುದುರೆಯ ಬೆವರು, ಅದರಲ್ಲಿರುವ ಉಪ್ಪು, ತೇವ ಮತ್ತು ಉಜ್ಜಾಟ ಇವೆಲ್ಲ ಸೇರಿ ನಾರಿನ ಮತ್ತು ಹತ್ತಿಯ ದಾರವನ್ನು ಒಳಗಿನಿಂದಲೇ ಕೊಳೆಯಿಸುತ್ತವೆ. ಮೇಲ್ನೋಟಕ್ಕೆ ಹೊಲಿಗೆ ನೇರವಾಗಿ, ಅಚ್ಚುಕಟ್ಟಾಗಿ ಕಾಣುತ್ತಲೇ ಇರುತ್ತದೆ. ಆದ್ದರಿಂದ ನೋಡಿ ತೀರ್ಮಾನಿಸುವ ಬದಲು ಎಳೆದು ತೀರ್ಮಾನಿಸಬೇಕು. ಪಟ್ಟಿಯ ಎರಡು ಪದರಗಳನ್ನು ಎರಡೂ ಕೈಯ ಹೆಬ್ಬೆರಳಿನಿಂದ ಬಲವಾಗಿ ಅಗಲಿಸಿದಾಗ ನಡುವೆ ದಾರ ಸಡಿಲವಾಗಿ ಕಂಡರೆ ಅಥವಾ ಉಗುರಿನಿಂದ ಕೆದಕಿದಾಗ ಎಳೆ ಪುಡಿಯಾದರೆ ಅದು ಮರುಹೊಲಿಗೆಗೆ ಬಂದಿದೆ ಎಂದರ್ಥ. ಈ ಹಂತದಲ್ಲಿ ಚರ್ಮಕ್ಕೆ ಏನೂ ಆಗಿರುವುದಿಲ್ಲ, ಹಳೆಯ ರಂಧ್ರಗಳೂ ಹಾಗೆಯೇ ಇರುತ್ತವೆ. ಹೊಲಿಯುವವರು ಅದೇ ರಂಧ್ರಗಳಲ್ಲಿ ಹೊಸ ದಾರ ಹಾಯಿಸಿ ಕೊಡುತ್ತಾರೆ. ತಡಮಾಡಿದರೆ ಉಳಿದ ನಾಲ್ಕಾರು ಹೊಲಿಗೆಗಳ ಮೇಲೆ ಭಾರವೆಲ್ಲ ಬಿದ್ದು, ರಂಧ್ರಗಳು ಹರಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಮೇಲೆ ಪಟ್ಟಿಯನ್ನೇ ಕತ್ತರಿಸಬೇಕಾಗುತ್ತದೆ.

ಕೈಹೊಲಿಗೆಯನ್ನೇ ಕೇಳಿ ಹಾಕಿಸಿಕೊಳ್ಳುವುದು ಯಾಕೆ ಒಳ್ಳೆಯದೆಂದರೆ, ಜೀನು ಹೊಲಿಯುವವರು ಒಂದೇ ದಾರದ ಎರಡು ತುದಿಗೂ ಸೂಜಿ ಕಟ್ಟಿ, ಪ್ರತಿಯೊಂದು ರಂಧ್ರದಲ್ಲೂ ಎರಡೂ ಕಡೆಯಿಂದ ದಾರ ಹಾಯಿಸುತ್ತಾರೆ. ಒಂದು ಕಡೆಯ ಎಳೆ ಸವೆದು ತುಂಡಾದರೂ ಇನ್ನೊಂದು ಎಳೆ ಅದೇ ಜಾಗದಲ್ಲಿ ಹಿಡಿದುಕೊಂಡಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮೇಲೆಯೇ, ಕೆಳಗಿನ ದಾರ ಕೆಳಗೆಯೇ ಉಳಿದು, ನಡುವೆ ಒಂದಕ್ಕೊಂದು ತೊಡರಿಕೊಂಡಿರುವುದರಿಂದ, ಒಂದು ಕಡೆ ತುಂಡಾದದ್ದು ಉದ್ದಕ್ಕೂ ಬಿಚ್ಚಿಕೊಂಡು ಹೋಗಬಲ್ಲದು. ಸಣ್ಣಪುಟ್ಟ ಹೊಲಿಗೆಯನ್ನು ಮನೆಯಲ್ಲೇ ಮಾಡಬಯಸುವವರಿಗೆ ಚರ್ಮಕ್ಕೆ ರಂಧ್ರ ಕೊರೆಯುವ ಆರಿ, ಮೊಂಡು ತುದಿಯ ಎರಡು ಸೂಜಿ, ಮೇಣ ಹಚ್ಚಿದ ದಾರ ಮತ್ತು ಪಟ್ಟಿಯನ್ನು ಹಿಡಿದಿಡುವ ಒಂದು ಇಕ್ಕಳವಿದ್ದರೆ ಸಾಕು. ಹಳೆಯ ಹಾಲ್ಟರಿನ ಮೇಲೆ ಕೈ ಪಳಗಿಸಿಕೊಳ್ಳುವುದು ಕ್ಷೇಮ. ಕುದುರೆಯ ಮೇಲೆ ಕೂತಾಗ ಸವಾರನ ಸುರಕ್ಷತೆ ಅವಲಂಬಿಸಿರುವ ಹೊಲಿಗೆಗಳನ್ನು, ಅಂದರೆ ರಿಕಾಪಿನ (ಸವಾರ ಕಾಲಿಡುವ ಬಳೆಯ) ಪಟ್ಟಿ, ಜೀನನ್ನು ಬಿಗಿಯುವ ಹೊಟ್ಟೆಪಟ್ಟಿ ಮತ್ತು ಲಗಾಮುಗಳ ಹೊಲಿಗೆಯನ್ನು, ಕಸುಬು ಬಲ್ಲವರಿಗೇ ಬಿಡಬೇಕೆಂಬುದು ನನ್ನ ಖಚಿತ ನಿಲುವು. ಆ ಕೂಲಿಯಲ್ಲಿ ಚೌಕಾಸಿ ಮಾಡುವುದೂ ನನಗೆ ಸರಿಕಾಣದು.

ದಾರದ ನಂತರ ನೋಡಬೇಕಾದದ್ದು ಮಡಿಕೆಗಳನ್ನು. ಪಟ್ಟಿ ಎಲ್ಲೆಲ್ಲಿ ಲೋಹವನ್ನು ಸುತ್ತಿ ತಿರುಗುತ್ತದೆಯೋ ಅಲ್ಲಲ್ಲಿ ಅದು ಮೊದಲು ಸವೆಯುತ್ತದೆ: ಲಗಾಮು ಕಡಿವಾಣದ ಬಳೆಗೆ ಸೇರುವಲ್ಲಿ, ಕೆನ್ನೆಯ ಪಟ್ಟಿಯ ತುದಿಯಲ್ಲಿ, ರಿಕಾಪು ತೂಗುವಲ್ಲಿ, ಬಕಲಿನ ಬುಡದಲ್ಲಿ. ಅಲ್ಲಿ ಚರ್ಮದ ನುಣುಪು ಮಗ್ಗುಲನ್ನು ಹೊರಗೆ ಮಾಡಿ ಬಗ್ಗಿಸಿದಾಗ ಮೇಲ್ಪದರದಲ್ಲಿ ಕೂದಲೆಳೆಯಂಥ ಗೆರೆಗಳು ಮಾತ್ರ ಕಂಡರೆ ಎಣ್ಣೆಯ ಅಂಶ ಕಡಿಮೆಯಾಗಿದೆ ಎಂದು ತಿಳಿಯಬಹುದು; ಆಳವಾದ ಬಿರುಕು ಕಂಡರೆ ಆ ಭಾಗಕ್ಕೆ ಯಾವ ಎಣ್ಣೆಯಿಂದಲೂ ಮರುಜೀವ ಬರುವುದಿಲ್ಲ. ಆದರೂ ಪಟ್ಟಿಯನ್ನು ಪೂರ್ತಿ ಬಿಸಾಡಬೇಕಾಗಿಲ್ಲ. ರಿಕಾಪಿನ ಪಟ್ಟಿಯ ಬಕಲಿನ ತುದಿಯನ್ನು ಬಿಚ್ಚಿ, ಸ್ವಲ್ಪ ಉದ್ದ ಕತ್ತರಿಸಿ ತೆಗೆದು ಮತ್ತೆ ಹೊಲಿಸಿದರೆ, ರಿಕಾಪು ತೂಗುವ ಜಾಗ ಪಟ್ಟಿಯ ಬೇರೊಂದು ಭಾಗಕ್ಕೆ ಸರಿಯುತ್ತದೆ. ಸವೆತ ಆಗಷ್ಟೇ ಶುರುವಾಗಿರುವಾಗ ಈ ಕೆಲಸ ಮಾಡಿಸಿದರೆ ಪಟ್ಟಿಯ ಆಯುಸ್ಸು ಹೆಚ್ಚುತ್ತದೆ. ಇದಕ್ಕಿಂತಲೂ ಸುಲಭವಾದ, ಕಾಸಿಲ್ಲದ ಉಪಾಯವೊಂದಿದೆ. ಸವಾರರು ಸಾಮಾನ್ಯವಾಗಿ ಎಡಗಡೆಯಿಂದಲೇ ಹತ್ತುವುದರಿಂದ ಎಡಗಡೆಯ ರಿಕಾಪಿನ ಪಟ್ಟಿ ಹೆಚ್ಚು ಎಳೆಯಲ್ಪಟ್ಟು ಉದ್ದವಾಗುತ್ತದೆ. ಎರಡೂ ಪಟ್ಟಿಗಳನ್ನು ಆಗಾಗ ಅದಲುಬದಲು ಮಾಡುತ್ತಿದ್ದರೆ ಎರಡೂ ಸಮನಾಗಿ ಹಿಗ್ಗುತ್ತವೆ, ಜೋಡಿ ಕೆಡುವುದಿಲ್ಲ.

ಎಣ್ಣೆಯ ವಿಷಯದಲ್ಲಿ ಉದಾರಿಗಳಾಗುವವರೇ ಹೆಚ್ಚು. ಒಣಗಿದ ಚರ್ಮವನ್ನು ಕಂಡ ಕೂಡಲೇ ಎಣ್ಣೆಯಲ್ಲಿ ಅದ್ದಿ ತೆಗೆಯುವ ಪದ್ಧತಿ ಎಲ್ಲ ಕಡೆಯೂ ಇದೆ. ಲಗಾಮು, ಕಡಿವಾಣಗಳ ಪಟ್ಟಿಗಳಿಗೆ ಸಾಮಾನ್ಯವಾಗಿ ಬಳಸುವುದು ಮರದ ತೊಗಟೆಯ ಒಗರಿನಿಂದ ಹದ ಮಾಡಿ, ಕೊಬ್ಬು ಮತ್ತು ಮೇಣ ಉಣ್ಣಿಸಿದ ಚರ್ಮ. ಅದಕ್ಕೆ ಅತಿಯಾಗಿ ಎಣ್ಣೆ ಕುಡಿಸಿದರೆ ನಾರುಗಳು ಸಡಿಲವಾಗಿ ಪಟ್ಟಿ ಹಿಗ್ಗುತ್ತದೆ, ಮೆತ್ತಗಾಗುತ್ತದೆ, ಧೂಳನ್ನು ಹಿಡಿದುಕೊಳ್ಳುತ್ತದೆ, ಹೊಲಿಗೆಗೂ ಒಳ್ಳೆಯದಲ್ಲ. ಸವಾರಿ ಮುಗಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಬೆವರನ್ನು ಒರೆಸಿ, ಗ್ಲಿಸರಿನ್ ಇರುವ ಜೀನಿನ ಸೋಪನ್ನು ನೊರೆ ಬಾರದಷ್ಟು ಕಡಿಮೆ ನೀರಿನಲ್ಲಿ ಹಚ್ಚಿ, ನೆರಳಿನಲ್ಲಿ ಗಾಳಿಗೆ ಒಣಗಿಸುವುದು ಸಾಕು. ಒದ್ದೆಯಾದ ಚರ್ಮವನ್ನು ಬಿಸಿಲಿಗೋ ಒಲೆಯ ಬಳಿಗೋ ಒಯ್ದರೆ ಅದು ಸುರುಟಿ ಗಟ್ಟಿಯಾಗುತ್ತದೆ. ಹಾಗೆ ಸುರುಟಿದ್ದು ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಬಹಳ ಹಳೆಯ ಚರ್ಮ ಮುಟ್ಟಿದರೆ ಕೈಗೆ ಕೆಂಪು ಪುಡಿಯಾಗಿ ಅಂಟಿದರಂತೂ ಅದರ ಮೇಲೆ ಒಂದು ಕಾಸನ್ನೂ ಖರ್ಚು ಮಾಡಬಾರದು. ಅದು ಗೋಡೆಯ ಮೇಲೆ ನೇತುಹಾಕಲು ಮಾತ್ರ ಲಾಯಕ್ಕು.

ಇನ್ನು ಜೀನು. ಇದ್ದ ಸಾಮಾನುಗಳಲ್ಲೆಲ್ಲ ದುಬಾರಿಯಾದದ್ದು ಇದೇ ಆದ್ದರಿಂದ, ಹಳೆಯದನ್ನು ಕೊಂಡು ಸರಿಪಡಿಸಿಕೊಳ್ಳುವ ಆಸೆಯೂ ಇದರಲ್ಲೇ ಹೆಚ್ಚು. ಜೀನಿನ ಜೀವ ಅದರೊಳಗಿನ ಚೌಕಟ್ಟಿನಲ್ಲಿದೆ. ಮರದ ತೆಳುಪದರಗಳನ್ನು ಅಂಟಿಸಿ, ಉಕ್ಕಿನ ಪಟ್ಟಿಗಳಿಂದ ಬಲಪಡಿಸಿದ ಚೌಕಟ್ಟು ಬಹಳಷ್ಟು ಜೀನುಗಳಲ್ಲಿರುತ್ತದೆ. ಈಚಿನ ಕೆಲವಕ್ಕೆ ಕೃತಕ ವಸ್ತುವಿನ ಚೌಕಟ್ಟೂ ಉಂಟು. ಕುದುರೆ ಜೀನಿನ ಸಮೇತ ಉರುಳಿದಾಗ ಅಥವಾ ಜೀನು ಎತ್ತರದಿಂದ ಬಿದ್ದಾಗ ಚೌಕಟ್ಟು ಒಳಗೊಳಗೇ ಮುರಿಯಬಹುದು, ಹೊರಗಿನ ಚರ್ಮದ ಮೇಲೆ ಗುರುತೂ ಇರುವುದಿಲ್ಲ. ಪರೀಕ್ಷಿಸಲು ಜೀನಿನ ಮುಂಗಡೆಯ ಏರನ್ನು ತೊಡೆಗೆ ಒತ್ತಿ, ಹಿಂಗಡೆಯ ಏರನ್ನು ಎರಡೂ ಕೈಯಿಂದ ತನ್ನೆಡೆಗೆ ಎಳೆಯಬೇಕು. ಉಕ್ಕಿನ ಪಟ್ಟಿಯಿರುವ ಜೀನು ಸ್ವಲ್ಪ ಬಳುಕಿ ಹಿಂದಕ್ಕೆ ಪುಟಿಯುತ್ತದೆ, ಅದು ಸಹಜ. ಬಳುಕುವಾಗ ಕಿರುಗುಟ್ಟಿದರೆ, ಕೂರುವ ಜಾಗದ ಚರ್ಮದಲ್ಲಿ ಅಡ್ಡಗೆರೆ ಮೂಡಿದರೆ, ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಬಾಗಿದರೆ ಅನುಮಾನಿಸಬೇಕು. ಮುಂಭಾಗದ ಎರಡು ಬದಿಗಳನ್ನು ಹಿಡಿದು ಒಳಕ್ಕೆ ಒತ್ತಿ, ಹೊರಕ್ಕೆ ಅಗಲಿಸಿ ನೋಡಿದಾಗ ಅಲ್ಲಿ ಅಲುಗಾಟ ಸ್ವಲ್ಪವೂ ಇರಕೂಡದು. ಮುರಿದ ಚೌಕಟ್ಟಿನ ಜೀನು ಕುದುರೆಯ ಬೆನ್ನಿನ ಒಂದೇ ಕಡೆ ಭಾರ ಹೇರಿ ಹುಣ್ಣು ಮಾಡುತ್ತದೆ. ಅದನ್ನು ರಿಪೇರಿ ಮಾಡಿಸುವ ವೆಚ್ಚವೂ ಬಹುತೇಕ ಜೀನುಗಳ ಯೋಗ್ಯತೆಯನ್ನು ಮೀರುತ್ತದೆ.

ಚೌಕಟ್ಟು ಗಟ್ಟಿಯಾಗಿದ್ದರೆ ಉಳಿದದ್ದೆಲ್ಲ ಬದಲಾಯಿಸಬಹುದಾದದ್ದು. ಒಳಗೆ ತುಂಬಿದ ಉಣ್ಣೆ ಗಂಟುಗಟ್ಟಿ ಒತ್ತಿಹೋಗಿದ್ದರೆ ತೆಗೆದು ಹೊಸದನ್ನು ತುಂಬಿಸಬಹುದು; ಕುದುರೆಯ ಮೈ ಬದಲಾದಂತೆ ಅದನ್ನು ಹೊಂದಿಸಲೂಬಹುದು. ಜೀನಿನ ರೆಕ್ಕೆಯ ಅಡಿಯಲ್ಲಿ ಹೊಟ್ಟೆಪಟ್ಟಿಯನ್ನು ಬಿಗಿಯುವ ಮೂರು ಚರ್ಮದ ಪಟ್ಟಿಗಳಿರುತ್ತವಲ್ಲ, ಅವುಗಳ ರಂಧ್ರಗಳು ಉದ್ದುದ್ದಕ್ಕೆ ಹಿಗ್ಗಿ ಮೊಟ್ಟೆಯಾಕಾರವಾಗಿದ್ದರೆ ಕಾಯದೆ ಹೊಸ ಪಟ್ಟಿ ಹಾಕಿಸಬೇಕು. ಈ ಮೂರರಲ್ಲಿ ಯಾವ ಎರಡನ್ನು ಬಳಸಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಸಾಮಾನ್ಯ ಇಂಗ್ಲಿಷ್ ಜೀನಿನಲ್ಲಿ ಮೊದಲನೆಯ ಪಟ್ಟಿ ಚೌಕಟ್ಟಿನ ಮೇಲೆ ಹಾದುಹೋಗುವ ಒಂದು ನೇಯ್ಗೆಪಟ್ಟಿಗೆ ಹೊಲಿದಿರುತ್ತದೆ, ಎರಡನೆಯ ಮತ್ತು ಮೂರನೆಯ ಪಟ್ಟಿಗಳು ಇನ್ನೊಂದು ನೇಯ್ಗೆಪಟ್ಟಿಗೆ ಸೇರಿರುತ್ತವೆ. ಆದ್ದರಿಂದ ಮೊದಲನೆಯದನ್ನು ಎರಡನೆಯದರ ಜೊತೆಗೋ ಮೂರನೆಯದರ ಜೊತೆಗೋ ಬಳಸಿದರೆ, ಒಂದು ನೇಯ್ಗೆಪಟ್ಟಿ ಹರಿದರೂ ಇನ್ನೊಂದು ಜೀನನ್ನು ಹಿಡಿದಿರುತ್ತದೆ. ಎರಡನೆಯದನ್ನೂ ಮೂರನೆಯದನ್ನೂ ಕೂಡಿ ಬಳಸುವವರು ಒಂದೇ ನೇಯ್ಗೆಪಟ್ಟಿಯ ಮೇಲೆ ತಮ್ಮ ಪ್ರಾಣವನ್ನಿಟ್ಟಿರುತ್ತಾರೆ. ಆ ನೇಯ್ಗೆಪಟ್ಟಿಗಳು ಕಣ್ಣಿಗೆ ಪೂರ್ತಿ ಕಾಣುವುದಿಲ್ಲವಾದ್ದರಿಂದ, ಉಣ್ಣೆ ತುಂಬಿಸಲು ಕೊಟ್ಟಾಗಲೇ ಅವುಗಳನ್ನೂ ನೋಡಿಕೊಡಿ ಎಂದು ಹೇಳಿಬಿಡುವುದು ಜಾಣತನ. ಜೀನನ್ನು ಎರಡು ಸಲ ಬಿಚ್ಚಿಸುವ ಕೂಲಿ ಉಳಿಯುತ್ತದೆ.

ಹೊದಿಕೆಗಳ ಕಥೆ ಬೇರೆ. ಮಳೆಗೆ, ಚಳಿಗೆ ಹಾಕುವ ಹೊದಿಕೆಯ ಮೇಲ್ಬಟ್ಟೆಯ ನೂಲಿನ ದಪ್ಪವನ್ನು ಡೆನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 600 ಡೆನಿಯರಿನದು ಸಾಧಾರಣ ಬಳಕೆಗೆ ಸಾಕು; ಬೇಲಿಗೆ ಮೈಯುಜ್ಜುವ, ಜೊತೆಯ ಕುದುರೆಗಳ ಹೊದಿಕೆಯನ್ನು ಹಲ್ಲಿನಿಂದ ಎಳೆದಾಡುವ ತುಂಟ ಕುದುರೆಗಳಿರುವಲ್ಲಿ 1200 ಅಥವಾ 1680 ಡೆನಿಯರಿನದನ್ನು ಮೊದಲೇ ಕೊಳ್ಳುವುದು ಕೊನೆಯಲ್ಲಿ ಅಗ್ಗವಾಗುತ್ತದೆ. ಹರಿದ ಜಾಗಕ್ಕೆ ತೇಪೆ ಹಾಕುವಾಗ ತೇಪೆಯ ಮೂಲೆಗಳನ್ನು ದುಂಡಾಗಿ ಕತ್ತರಿಸಬೇಕು, ಚೂಪಾದ ಮೂಲೆ ಬೇಗ ಎದ್ದುಬರುತ್ತದೆ. ಹರುಕಿನ ಸುತ್ತ ಎರಡು ಬೆರಳಿನಗಲ ಹೆಚ್ಚು ಬಟ್ಟೆ ಇರಲಿ, ಹೊಲಿದ ಮೇಲೆ ಸೂಜಿಯ ರಂಧ್ರಗಳಿಗೆ ನೀರು ಇಳಿಯದಂತೆ ಅಂಟು ಬಳಿಯಬೇಕು. ತೇಪೆಗೆ ಬಟ್ಟೆ ಕೊಳ್ಳುವ ಅಗತ್ಯವೇ ಇಲ್ಲ: ಪೂರ್ತಿ ಸೋತ ಒಂದು ಹೊದಿಕೆಯಲ್ಲಿ ಹಲವು ವರ್ಷಗಳಿಗಾಗುವಷ್ಟು ತೇಪೆ, ಎದೆಯ ಬಕಲುಗಳು, ಹೊಟ್ಟೆಯ ಕೊಂಡಿಗಳು, ಕಾಲಿನ ಪಟ್ಟಿಗಳು ಸಿಗುತ್ತವೆ. ಒಗೆಯುವಾಗ ಮಾತ್ರ ಎಚ್ಚರ ಬೇಕು. ಬಟ್ಟೆ ಒಗೆಯುವ ಸಾಮಾನ್ಯ ಪುಡಿ ಮತ್ತು ಬಿಸಿನೀರು ನೀರುತಡೆಯುವ ಲೇಪವನ್ನು ಕೆಡಿಸುತ್ತವೆ. 30 ಡಿಗ್ರಿ ಮೀರದ ನೀರಿನಲ್ಲಿ ಈ ಕೆಲಸಕ್ಕೆಂದೇ ಇರುವ ದ್ರವದಿಂದ ತೊಳೆದು, ಅಗತ್ಯವಿದ್ದರೆ ಲೇಪವನ್ನು ಮತ್ತೆ ಸಿಂಪಡಿಸಬೇಕು. ಹೊದಿಕೆ ನೀರು ಸೋರುತ್ತಿದೆಯೆಂದು ಹೊಸದನ್ನು ಕೊಳ್ಳುವ ಮುನ್ನ ಇದೊಂದನ್ನು ಮಾಡಿ ನೋಡುವುದು ಒಳಿತು.

ಮರುಬಳಕೆಗೆಂದು ನಾನು ಒಂದು ಪೆಟ್ಟಿಗೆ ಇಟ್ಟಿದ್ದೇನೆ. ಸತ್ತ ಸಾಮಾನುಗಳಿಂದ ಬಿಚ್ಚಿದ ಬಕಲು, ಬಳೆ, ಕೊಂಡಿಗಳೆಲ್ಲ ಅದರಲ್ಲಿರುತ್ತವೆ, ಆದರೆ ಎಲ್ಲವನ್ನೂ ತುಂಬುವುದಿಲ್ಲ. ಗಟ್ಟಿ ಹಿತ್ತಾಳೆಯೋ, ಬರಿಯ ಮೆರುಗು ಕೊಟ್ಟ ಕಬ್ಬಿಣವೋ ಎಂಬುದನ್ನು ತಿಳಿಯಲು ಅಯಸ್ಕಾಂತ ಸಾಕು. ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅಂಟುವ ಜಾತಿಯೂ ಅಂಟದ ಜಾತಿಯೂ ಇರುವುದರಿಂದ ಅದನ್ನು ತುಕ್ಕಿನ ಕಲೆ ನೋಡಿ ತೀರ್ಮಾನಿಸುತ್ತೇನೆ. ಹಳೆಯ ತೆಳು ಚರ್ಮದ ಪಟ್ಟಿಗಳ ಕೆಡದ ಭಾಗಗಳು ನೈಲಾನ್ ಹಾಲ್ಟರಿಗೆ ತಲೆಯ ಮೇಲಿನ ಪಟ್ಟಿಯಾಗಿ ಬಹಳ ಉಪಯೋಗಕ್ಕೆ ಬರುತ್ತವೆ, ಇದರಲ್ಲಿ ಉಳಿತಾಯಕ್ಕಿಂತ ದೊಡ್ಡ ಲಾಭವಿದೆ. ಹಾಲ್ಟರು ಎಲ್ಲಾದರೂ ಸಿಕ್ಕಿಕೊಂಡು ಕುದುರೆ ಗಾಬರಿಯಿಂದ ಹಿಂದಕ್ಕೆ ಎಳೆದಾಗ ನೈಲಾನ್ ಹರಿಯುವುದಿಲ್ಲ, ಕುತ್ತಿಗೆಗೆ ಪೆಟ್ಟಾಗುತ್ತದೆ. ತೆಳುವಾದ ಚರ್ಮದ ಪಟ್ಟಿ ಹರಿದು ಕುದುರೆಯನ್ನು ಬಿಡಿಸುತ್ತದೆ. ಕಟ್ಟುವ ಬಳೆಗೂ ಹಗ್ಗಕ್ಕೂ ನಡುವೆ ಹುಲ್ಲಿನ ಪಿಂಡಿಯ ಹುರಿಯ ಒಂದು ಕುಣಿಕೆ ಹಾಕುವುದೂ ಇದೇ ಕಾರಣಕ್ಕೆ. ಹುರಿ ಪ್ಲಾಸ್ಟಿಕಿನದಾಗಿದ್ದರೆ ಅದೂ ಸುಲಭಕ್ಕೆ ಹರಿಯದು, ಎಳೆಗಳನ್ನು ಬಿಡಿಸಿ ತೆಳುಮಾಡಿ ಕಟ್ಟಬೇಕು. ಕುದುರೆ ಕಚ್ಚಿ ಹಾಳುಮಾಡಿದ ಮೂರೆಳೆಯ ಹತ್ತಿ ಹಗ್ಗದ ತುದಿಯನ್ನು ಕತ್ತರಿಸಿ, ಎಳೆಗಳನ್ನು ಬಿಡಿಸಿ ಹಿಂದಕ್ಕೆ ಹೆಣೆದರೆ ಹಗ್ಗ ಒಂದು ಗೇಣು ಗಿಡ್ಡವಾಗುತ್ತದೆ, ಅಷ್ಟೆ.

ಲಾಳದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗೊರಸು ಬೆಳೆಯುತ್ತಲೇ ಇರುವುದರಿಂದ ಸುಮಾರು ಆರು ವಾರಕ್ಕೊಮ್ಮೆ ಲಾಳವನ್ನು ಬಿಚ್ಚಿ ಗೊರಸನ್ನು ಕತ್ತರಿಸಲೇಬೇಕು. ಮೆತ್ತನೆಯ ನೆಲದಲ್ಲಿ ಓಡಾಡುವ ಕುದುರೆಯ ಉಕ್ಕಿನ ಲಾಳ ಅಷ್ಟರಲ್ಲಿ ಸವೆದಿರದಿದ್ದರೆ ಅದನ್ನೇ ತಿದ್ದಿ, ಹೊಸ ಮೊಳೆಗಳಿಂದ ಮತ್ತೆ ಹೊಡೆಯಬಹುದು. ತೀರ್ಮಾನ ಲಾಳ ಹೊಡೆಯುವವರದು. ಉಳಿಸುವ ನೆಪದಲ್ಲಿ ವಾರಗಳನ್ನು ಮುಂದೂಡುವುದು ಕಾಲಿಗೆ ಹೊರೆ.

ಬೇರೆಯವರಿಂದ ಬಂದ ಹಳೆಯ ಸಾಮಾನನ್ನು ನೇರವಾಗಿ ಕುದುರೆಯ ಮೈಮೇಲೆ ಹಾಕಬಾರದು. ಹುಳುಕಡ್ಡಿಯ ಶಿಲೀಂಧ್ರದ ಬೀಜಕಗಳು ಜೀನಿನ ಕೆಳಹಾಸಿನಲ್ಲಿ, ಬ್ರಷ್ಷಿನಲ್ಲಿ, ಹೊಟ್ಟೆಪಟ್ಟಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ಗಂಟಲ ಗ್ರಂಥಿಗಳು ಬಾತು ಕೀವಾಗುವ ಸ್ಟ್ರಾಂಗಲ್ಸ್ ರೋಗವೂ ಕಡಿವಾಣ, ಬಕೆಟ್ಟುಗಳ ಮೂಲಕ ಹರಡುತ್ತದೆ. ಬಟ್ಟೆಯ, ಲೋಹದ ಸಾಮಾನುಗಳನ್ನು ಮೊದಲು ಕೊಳೆ ಹೋಗುವಂತೆ ತೊಳೆದು ಆಮೇಲೆ ಸೋಂಕುನಿವಾರಕದಲ್ಲಿ ನೆನೆಸಬೇಕು. ಕೊಳೆಯ ಮೇಲೆ ಸುರಿದ ಔಷಧಿ ಕೆಲಸ ಮಾಡುವುದಿಲ್ಲ. ಚರ್ಮಕ್ಕೆ ಬ್ಲೀಚ್ ಹಾಕಿದರೆ ಚರ್ಮವೇ ಹೋಗುತ್ತದೆ, ಆದ್ದರಿಂದ ಚರ್ಮಕ್ಕೆ ಒಗ್ಗುವ ಶಿಲೀಂಧ್ರನಾಶಕವನ್ನು ಪಶುವೈದ್ಯರಿಂದ ಕೇಳಿ ತಿಳಿಯಬೇಕು. ಕಡಿವಾಣದ ನಡುಗೀಲು ಸವೆದು ಅಂಚು ಚೂಪಾಗಿದ್ದರೆ ಅಥವಾ ನಿಕಲ್ ಲೇಪ ಸಿಪ್ಪೆ ಎದ್ದಿದ್ದರೆ ಅದು ಬಾಯಿಯನ್ನು ಕೊರೆಯುತ್ತದೆ, ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಸವಾರನ ಶಿರಸ್ತ್ರಾಣಕ್ಕೆ ಈ ಲೆಕ್ಕಾಚಾರ ಯಾವುದೂ ಅನ್ವಯಿಸುವುದಿಲ್ಲ. ಒಳಗಿನ ಗಟ್ಟಿ ಫೋಮು ಪೆಟ್ಟನ್ನು ಹೀರಿಕೊಳ್ಳುವಾಗ ತಾನೇ ಜಜ್ಜಿಹೋಗುತ್ತದೆ, ಆಮೇಲೆ ಮೊದಲಿನಂತೆ ಉಬ್ಬುವುದಿಲ್ಲ; ಹೊರಚಿಪ್ಪಿನ ಮೇಲೆ ಗೀರೂ ಇಲ್ಲದಿರಬಹುದು. ಜೋರಾಗಿ ಬಿದ್ದ ಶಿರಸ್ತ್ರಾಣವನ್ನು ಬದಲಾಯಿಸಬೇಕು, ಇನ್ನೊಬ್ಬರು ಬಳಸಿದ್ದನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ನಾನು ಹಾಗೆ ಕೈಬಿಟ್ಟ ಶಿರಸ್ತ್ರಾಣದ ಗಲ್ಲದ ಪಟ್ಟಿಯನ್ನು ಕತ್ತರಿಸಿಯೇ ಬಿಸಾಡುತ್ತೇನೆ, ಚೌಕಟ್ಟು ಮುರಿದ ಜೀನಿನ ಮೂರು ಪಟ್ಟಿಗಳನ್ನೂ ಬುಡದಲ್ಲೇ ಕೊಯ್ದು ತೆಗೆಯುತ್ತೇನೆ. ಹೀಗೆ ಮಾಡದಿದ್ದರೆ, ಮೇಲ್ನೋಟಕ್ಕೆ ಚೆನ್ನಾಗಿರುವ ಆ ಸಾಮಾನುಗಳನ್ನು ಯಾರಾದರೂ ಒರೆಸಿ ಹೊಳಪಿಸಿ ಮತ್ತೆ ಮಾರಾಟಕ್ಕಿಡುವ ಸಾಧ್ಯತೆ ಇರುತ್ತದೆ.